ಒಂಬತ್ತರಿಂದ ಹೋಗುತ್ತೆ

ಥಂಡರ್ ಬೇ, ಒಂಟಾರಿಯೊ
ನವೆಂಬರ್ 14, ಗುರುವಾರ

ರೇಯ್ನೋ,

‘ಪ್ರೀತಿಯ ತಮ್ಮಾ’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ನಿನ್ನ ಬೆನ್ನುನೋವು ಹೇಗಿದೆ? ಕ್ಯಾಲ್ಗರಿಯವರೆಗೂ ವಿಮಾನದಲ್ಲಿ ಕಾಲು ಚಾಚಿಕೊಂಡು ಸುಖವಾಗಿಯೇ ಹೋಗಿರುತ್ತೀಯ. ಅಮ್ಮ ಚೆನ್ನಾಗಿದ್ದಾಳೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ.

ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಬೇಕೆಂದಿದ್ದರೆ ನನ್ನ ಜೊತೆ ನೇರವಾಗಿ ಜಗಳವಾಡಬಹುದಿತ್ತು. ಅದು ಬಿಟ್ಟು ನೀನು, ಅವಳ ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಎಂದು ಅಳೆಯಲು ಒಬ್ಬ ಡಾಕ್ಟರಮ್ಮನನ್ನು ಮನೆಗೇ ಕರೆತಂದೆ. ಅಮ್ಮ ಪಾಪ, ಮಗ ಬರುತ್ತಾನೆಂದು ಬೆಳಗ್ಗೆಯೇ ಎದ್ದು ಏಲಕ್ಕಿ ಬ್ರೆಡ್ಡು ಮಾಡಿದ್ದಳು. ಡಾಕ್ಟರಮ್ಮ ಇವತ್ತು ಯಾವ ವಾರ, ಪ್ರಧಾನಿ ಯಾರು ಎಂದೆಲ್ಲ ಕೇಳಿದಳು. ಅಮ್ಮ ಎಲ್ಲದಕ್ಕೂ ಸರಿಯಾಗಿಯೇ ಹೇಳಿದಳು. ನಿನಗೆ ತಡೆಯಲಾಗಲಿಲ್ಲ. “ಇದನ್ನೆಲ್ಲ ಯಾರು ಬೇಕಾದ್ರೂ ಹೇಳ್ತಾರೆ, ನಾನು ಕೇಳ್ತೀನಿ ನೋಡಿ” ಎಂದು ಟಿಶ್ಯೂ ಪೇಪರಿನ ಮೇಲೆ ಅಮ್ಮನ ಸಂಖ್ಯೆ ಗೀಚಿದೆ.

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಷ್ಟು ಕಾಲವೂ ಹೊಸ ತರಗತಿಯ ಮೊದಲ ದಿನ ಅವಳು ಬೋರ್ಡಿನ ಮೇಲೆ ಬರೆಯುತ್ತಿದ್ದ ಸಂಖ್ಯೆ ಅದು. ಒಂದನ್ನೂ ತನ್ನನ್ನೂ ಬಿಟ್ಟರೆ ಯಾವುದರಿಂದಲೂ ಭಾಗವಾಗದು. ಕೊನೆಯ ಅಂಕಿ ಅಳಿಸಿದರೆ ಉಳಿದದ್ದೂ ಭಾಗವಾಗದು. ಇನ್ನೊಂದು ಅಳಿಸಿದರೂ ಅಷ್ಟೇ. ಅಳಿಸುತ್ತ ಅಳಿಸುತ್ತ ಬರಿಯ ಏಳು ಉಳಿಯುವವರೆಗೂ ಅದೇ ಹಟ. ಇದಕ್ಕಿಂತ ದೊಡ್ಡ ಸಂಖ್ಯೆ ಯಾವುದಕ್ಕೂ ಈ ಗುಣವಿಲ್ಲ. “ಬಾಲ ಕತ್ತರಿಸಿದ್ರೂ ಬಗ್ಗಲ್ಲ ಕಣ್ರೋ” ಎನ್ನುತ್ತಿದ್ದಳು.

“ಇದು ಯಾವುದ್ರಿಂದ ಭಾಗ ಆಗುತ್ತಮ್ಮಾ?” ಎಂದೆ ನೀನು. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, “ಒಂಬತ್ತರಿಂದ ಹೋಗುತ್ತೆ” ಎಂದಳು. ನೀನು ನಕ್ಕೆ. ಅವಳೆದುರಿಗೇ, ಅವಳು ಮಾಡಿದ ಬ್ರೆಡ್ಡು ಬಾಯಲ್ಲಿಟ್ಟುಕೊಂಡು. “ನೋಡಿದ್ರಾ ಡಾಕ್ಟ್ರೇ? ನನಗೆ ಇದನ್ನ ಕಲಿಸಿದೋಳೇ ಇವಳು. ಮುಗೀತು ಅಮ್ಮನ ಕತೆ!” ಡಾಕ್ಟರಮ್ಮ ಬರೆದುಕೊಂಡಳು. ನಾನು ಅಡುಗೆಮನೆಗೆ ಹೋಗಿ ಅಳುತ್ತ ನಿಂತೆ.

ನೀವಿಬ್ಬರೂ ಹೊರಟ ಮೇಲೆ ಅಮ್ಮ ಆ ಕಾಗದವನ್ನು ನನ್ನ ಮುಂದೆ ಎಸೆದು, “ಅಂಕಿಗಳನ್ನ ಕೂಡೇ” ಎಂದಳು. ಕೂಡಿದೆ. ಮೂವತ್ತಾರು. ಮೊತ್ತ ಒಂಬತ್ತರಿಂದ ಹೋದರೆ ಸಂಖ್ಯೆಯೂ ಹೋಗದೆ ಇನ್ನೇನು ಮಾಡೀತು? ಅಮ್ಮನ ಸಂಖ್ಯೆ 73939133. ನೀನು ಬರೆದದ್ದು 73939131, ಮಹಾ ಬುದ್ಧಿವಂತನೇ! “ಅಲ್ಲೇ ಯಾಕಮ್ಮ ಹೇಳ್ಲಿಲ್ಲ?” ಎಂದೆ. “ಹೇಳಿದ್ನಲ್ಲೇ, ಒಂಬತ್ತರಿಂದ ಹೋಗುತ್ತೆ ಅಂತ. ನಿಮಗೆ ಕೂಡಿ ನೋಡೋಕೆ ಪುರುಸೊತ್ತಿರಲಿಲ್ಲ.”

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಆಕೆ ಅಲ್ಲೇ ಕೂಡಿ ನೋಡಿ, ಅಮ್ಮನ ಹತ್ತಿರ ಕ್ಷಮೆ ಕೇಳಿದಳು, ವರದಿಯನ್ನೂ ತಿದ್ದಿದ್ದಾಳೆ. ನಿನ್ನ ಕ್ಷಮೆ ಇಲ್ಲಿ ಯಾರಿಗೂ ಬೇಕಿಲ್ಲ. ಕ್ರಿಸ್‌ಮಸ್ಸಿಗೆ ನಿನ್ನ ಹೆಂಡತಿ, ಮಕ್ಕಳು ಬರಲಿ, ಹಬೆ ಸ್ನಾನಕ್ಕೆ ಸೌನಾ ಬಿಸಿ ಮಾಡಿಟ್ಟಿರುತ್ತೇನೆ. ನೀನು ಬರಬೇಡ.

ಅವರನ್ನು ಕೇಳಿದೆನೆಂದು ಹೇಳು. ನಿನಗೆ ಹರಸಲು ಈ ಸಲ ನನ್ನ ಹತ್ತಿರ ಏನೂ ಇಲ್ಲ.

ನಿನ್ನ ಅಕ್ಕ,
ಹೆಲ್ವಿ

ಲಕೋಟೆ ಅಂಟಿಸುವ ಮೊದಲು: ಅಮ್ಮ ಇವತ್ತು ವಕೀಲರ ಹತ್ತಿರ ಹೋಗಿ, ತನಗೆ ಕೈಲಾಗದಾಗ ತನ್ನ ಪರವಾಗಿ ತೀರ್ಮಾನ ಮಾಡುವವರ ಜಾಗದಿಂದ ನಿನ್ನ ಹೆಸರು ತೆಗೆಸಿದಳು. ನನ್ನದು ಬರೆಸುತ್ತಾಳೆಂದು ಸಹಿಗೆ ಪೆನ್ನು ತೆಗೆದು ಕೂತಿದ್ದೆ. ಬರೆಸಿದ್ದು ಪಕ್ಕದ ಮನೆಯ ಐಲಿಯದು. ವಕೀಲರೆದುರಿಗೇ ಅಂದಳು: “ಅವನು ನಕ್ಕ, ನೀನು ಅಳ್ತಾ ನಿಂತೆ. ನಾನು ಹೇಳಿದ್ದನ್ನ ಇಬ್ಬರೂ ನಂಬಲಿಲ್ಲ.”