ಬರೀ ಎಣ್ಣೆಯ ಗುಳಿಗೆ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಬೇಡ. ಮೊದಲು ನೀನೊಬ್ಬಳೇ ಓದು.

ನನ್ನ ಪ್ರಯೋಗಾಲಯದ ಕೆಲಸ ನಿನಗೆ ಗೊತ್ತಲ್ಲ. ಸೊಪ್ಪಿನಲ್ಲಿ, ಜೋಳದಲ್ಲಿ ಕಣ್ಣಿಗೆ ಒಳ್ಳೆಯದಾದ ಒಂದು ಹಳದಿ ಸತ್ವವಿದೆ. ತಿಂದದ್ದರಲ್ಲಿ ಬಹುಪಾಲು ಮೈಗೆ ಹತ್ತುವುದಿಲ್ಲ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕೊಬ್ಬಿನ ಕಣಗಳೊಳಗೆ ಅದನ್ನಿಟ್ಟರೆ ಕರುಳು ದಾಟಿ ರಕ್ತಕ್ಕೆ ಸೇರುತ್ತದೆ. ಈ ನ್ಯಾನೋ ಗುಳಿಗೆಯನ್ನು ಇನ್ನೂರು ಜನಕ್ಕೆ ಕೊಟ್ಟು ಪರೀಕ್ಷಿಸುತ್ತಿದ್ದೇವೆ. ಸಿಬ್ಬಂದಿಯ ಮನೆಯವರನ್ನು ಸೇರಿಸುವಂತಿಲ್ಲ. ಅಮ್ಮನ ಕಣ್ಣು ಮಂಜಾಗುವುದನ್ನು ನೋಡಲಾರದೆ, ಅವಳು ನನಗೆ ಏನೂ ಆಗಬೇಕಿಲ್ಲ ಎಂದು ಸಹಿ ಹಾಕಿ ಸೇರಿಸಿಬಿಟ್ಟೆ.

ಹೋಲಿಕೆಗೆಂದು ಅರ್ಧ ಜನಕ್ಕೆ ಬರೀ ಎಣ್ಣೆಯ ಗುಳಿಗೆ ಕೊಡುತ್ತೇವೆ. ಯಾರಿಗೆ ಯಾವುದೆಂದು ಯಾರಿಗೂ ತಿಳಿಯಬಾರದು. ಹೋದ ವಾರ ಮನೆಗೆ ಬಂದಾಗ ಅಮ್ಮನ ಡಬ್ಬಿಯ ಅಡಿಯಲ್ಲಿದ್ದ ಸಂಖ್ಯೆ ನೋಡಿದೆ. ಆ ಸಂಖ್ಯೆಯ ಗುಳಿಗೆಗಳನ್ನು ತುಂಬಿದವಳು ನಾನೇ. ಎಣ್ಣೆ, ಅಕ್ಕಾ. ಬೇರೇನೂ ಇಲ್ಲ.

ಅವಳೋ, ಮಗಳ ಔಷಧಿಯಿಂದ ಗುಣ ಕಾಣುತ್ತಿದೆ ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಪರೀಕ್ಷೆಯ ನಿಯಮವೆಂದು ಕಣ್ಣಿನ ಡಾಕ್ಟರು ಕೊಟ್ಟಿದ್ದ ಹಳೆಯ ಮಾತ್ರೆಯನ್ನೂ ಬಿಟ್ಟಿದ್ದಾಳೆ. ಬಿಡಿಸಿದ್ದೂ ನಾನೇ.

ನಿನ್ನೆ ನಮ್ಮ ಮುಖ್ಯಸ್ಥರ ಮುಂದೆ ಬಾಯಿಬಿಟ್ಟೆ. ಅವರು ಬೈಯಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಇನ್ನೆರಡು ತಿಂಗಳು ಸುಮ್ಮನಿರಮ್ಮ. ಈಗ ಹೊರಬಿದ್ದರೆ ಅಷ್ಟೂ ಜನ ಕಾದಿದ್ದು ನೀರುಪಾಲು," ಅಂದರು.

ಅವರು ಹೇಳಿದ್ದು ಸುಳ್ಳಲ್ಲ, ನನಗೆ ಅದೇ ಕಷ್ಟ. ಹೇಳಿದರೆ ನಂಬಿ ಬಂದ ಇನ್ನೂರು ಜನಕ್ಕೆ ಮೋಸ, ಹೇಳದಿದ್ದರೆ ಅಮ್ಮನಿಗೆ. ಇವತ್ತು ಬೆಳಿಗ್ಗೆ ಮುಖಗವುಸು ಹಾಕಿಕೊಂಡು ಒಳಗೆ ಹೋದೆ. ಹಿಂದೆ ಎರಡು ಬಾಗಿಲೂ ಮುಚ್ಚಿಕೊಂಡವು. ಅದೇ ಎಣ್ಣೆಯನ್ನು ಅದೇ ಗುಳಿಗೆಗೆ ತುಂಬುತ್ತಿದ್ದವಳು ಅರ್ಧಕ್ಕೇ ಬಿಟ್ಟು ಹೊರಗೆ ಬಂದೆ.

ಆ ಗುಳಿಗೆ ನಿಲ್ಲಿಸು. ಈ ಕಾಗದ ಕೈಸೇರಿದ ದಿನವೇ ಅವಳನ್ನು ಹಳೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಬರುವುದಿಲ್ಲ ಎಂದು ಹಟ ಹಿಡಿದಾಳು, ಬಿಡಬೇಡ. ನನ್ನ ಸುಳ್ಳು ಸಹಿಯ ವಿಷಯವನ್ನು ಪರೀಕ್ಷೆಯ ಮೇಲ್ವಿಚಾರಣಾ ಸಮಿತಿಗೆ ಬರೆದು ಮುಗಿಸಿದ್ದೇನೆ. ಎರಡು ಕಾಗದಗಳನ್ನೂ ಒಟ್ಟಿಗೇ ಅಂಚೆಗೆ ಹಾಕುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ.

ನಿನ್ನ,
ಬಾಲಂಗೋಚಿ

ತಾ.ಕ.: ಹೋದ ವಾರ ಎಂದು ಬರೆದದ್ದು ಸುಳ್ಳು. ಡಬ್ಬಿ ನೋಡಿದ್ದು ಅದರ ಹಿಂದಿನ ಸಲ ಬಂದಾಗ, ನಾಲ್ಕು ತಿಂಗಳ ಹಿಂದೆ. ಆಗ ಅಮ್ಮ ಇನ್ನೂ ಪೇಪರ್ ಓದುತ್ತಿದ್ದಳು.