ಬ್ರೆಡ್ ಪುಡಿಯ ಪರವಾಗಿ

ಅಪ್ಪಾ,

ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ, ಮಿಲ್ವಾಕಿಯ ನಮ್ಮ ಚರ್ಚಿನ ಶುಕ್ರವಾರದ ಮೀನೂಟದಲ್ಲಿ ಮೀನು ಕರಿಯಲು ಹಚ್ಚುವ ಬ್ರೆಡ್ ಪುಡಿಗೂ ಬಿಯರ್ ಬೆರೆಸಿ ಕಲಸಿದ ಹಿಟ್ಟಿಗೂ ಕದನವಿರಾಮವಾಗಿದೆ.

ಆ ಜಗಳಕ್ಕೇ ಒಂಬತ್ತು ವರ್ಷ ನಿನ್ನ ಜೊತೆ ಮಾತುಬಿಟ್ಟಿದ್ದ ಕ್ಯಾಸ್ ಚಿಕ್ಕಪ್ಪ ಇವತ್ತು ನನ್ನ ಪಕ್ಕ ಒಲೆಯ ಮುಂದೆ ನಿಂತ. "ತತ್ವಶಾಸ್ತ್ರ ಓದಿ ನಲ್ಲಿ ರಿಪೇರಿ ಮಾಡ್ತೀಯೇನೇ?" ಅಂತಿದ್ದೆಯಲ್ಲ? ಕ್ಯಾಥೊಲಿಕ್ ಕಾಲೇಜಿನಲ್ಲಿ ಸಿಸ್ಟರ್ ಬರ್ನಿಸ್ ಕಲಿಸಿದ್ದು ಇದು: ಎದುರಾಳಿಯ ವಾದವನ್ನು ಅವನೇ ತಲೆದೂಗುವಂತೆ ಹೇಳಿದ ಮೇಲಷ್ಟೇ ಉತ್ತರ ಕೊಡಬೇಕು. ಹಾಗೇ ನಾನು ಚಿಕ್ಕಪ್ಪನ ಬ್ರೆಡ್ ಪುಡಿಯ ಪರ ಮನಸಾರೆ ವಾದಿಸಿದೆ.

ಚಿಕ್ಕಪ್ಪ ಸೌಟು ಕೆಳಗಿಟ್ಟ. "ನಾನೂ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ ಕಣೇ. ಹೋಗ್ಲಿ, ನಿಮ್ಮಪ್ಪನ ಹಿಟ್ಟೇ ಗರಿಗರಿ. ಅದನ್ನೇ ಕಲಸು" ಅಂದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನೀನಿದ್ದಾಗಲೂ ಆ ಡಿಗ್ರಿ ಗೋಡೆಯ ಮೇಲೇ ಇತ್ತು; ನಿಮ್ಮಿಬ್ಬರ ನಡುವೆ ನಿಂತು ಆಗಲೇ ಇದನ್ನು ಮಾಡಬಹುದಿತ್ತು, ನಾನು ಮಾಡಲಿಲ್ಲ.

ಮುಂದಿನ ಶುಕ್ರವಾರ ಇನ್ನೂರು ಜನ. ದೊಡ್ಡ ಬಾಣಲೆಯ ಮುಚ್ಚಳ ಎಲ್ಲಿಟ್ಟಿದ್ದೀಯೋ, ಕನಸಿನಲ್ಲಾದರೂ ಬಂದು ಹೇಳಿಹೋಗು.