ಜಿಬೆಕ್‌ಳ ಕೈಗುಣ

ಮಾರ್ಚ್ 17, ಸೋಮವಾರ. ನಾರಿನ್.

ನನ್ನ ಮೂರನೇ ತರಗತಿಯ ಮಕ್ಕಳು ಬೆಳೆಸಿದ್ದ ಗೋಧಿ ಮೊಳಕೆ ಒಣಗಿ ಸತ್ತಿದೆ. ಬೆಳಿಗ್ಗೆ ಬಂದು ಹೇಳಿದವಳು ಕಸ ಗುಡಿಸುವ ಬುರುಲ್. ವಸಂತ ರಜೆ ಶುರುವಾಗುವ ಮುನ್ನ, ನೂರುಜ್ ಹಬ್ಬಕ್ಕೆಂದು ಶಾಲೆಯ ಅಂಗಳದಲ್ಲಿ ಕಾಯಿಸುವ ಸುಮೊಲೊಕ್ ಪಾಯಸಕ್ಕೆ ಆ ಮೊಳಕೆ ಬೇಕಿತ್ತು.

ಶುಕ್ರವಾರ ನೀರು ಹಾಕುವ ಸರದಿ ನನ್ನ ತರಗತಿಯ ಜಿಬೆಕ್‌ಳದಾಗಿತ್ತು. ಉಪ ಮುಖ್ಯೋಪಾಧ್ಯಾಯಿನಿ ಕಲಿಪಾ ಮಕ್ಕಳ ಎದುರಿಗೇ ಅಂದುಬಿಟ್ಟರು: "ಈ ಹುಡ್ಗಿ ಕೈಗುಣಾನೇ ಸರಿಯಿಲ್ಲ ಕಣಮ್ಮ. ಕಡಾಯಿ ಹತ್ರ ಬಿಡ್ಬೇಡ."

ಜಿಬೆಕ್ ಅಳಲಿಲ್ಲ. ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡವಳು ಮಧ್ಯಾಹ್ನ ರೊಟ್ಟಿಯನ್ನೂ ಮುಟ್ಟಲಿಲ್ಲ. ಮನೆಗೆ ಹೊರಟಾಗ ನನ್ನನ್ನು ಅಕ್ಕ ಎಂದು ಕರೆದು ಕೇಳಿದಳು: "ಎಜೆ, ನನ್ ಕೈ ನಿಜವಾಗ್ಲೂ ಕೆಟ್ಟದ್ದಾ?"

ನನಗಂತೂ ಇದರಲ್ಲಿ ಬೇರೇನೋ ಇದೆ ಅನ್ನಿಸುತ್ತಿದೆ. ಶುಕ್ರವಾರ ನಾನೇ ಮೊಳಕೆಯ ಮೇಲಿನ ಒದ್ದೆ ಬಟ್ಟೆ ಸರಿಸಿ ನೋಡಿದ್ದೆ. ಬೇರು ಬೆಳ್ಳಗೆ ಹೆಣೆದುಕೊಂಡಿತ್ತು, ತಟ್ಟೆ ಕಿಟಕಿಯ ಕಟ್ಟೆಯ ಮೇಲಿತ್ತು. ಇಂದು ಅದು ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಮೇಲಿದೆ. ಕಟ್ಟೆಯ ತುಂಬ ಹಬ್ಬದ ಕಾಗದದ ಹೂಗಳು. ಹೂ ಮಾಡಿಸಿದವರು ಕಲಿಪಾ.

ಶನಿವಾರ ಯಾರು ಬಂದಿದ್ದರೆಂದು ಬುರುಲ್‌ಳನ್ನು ಕೇಳಿದೆ. ಅವಳು ಬಾಗಿಲ ಕಡೆ ನೋಡಿದಳು. "ನನ್ ಕೆಲ್ಸ ಕಳೀಬೇಡ ತಾಯಿ. ಬೀಗದ ಕೈ ಇರೋದೇ ಇಬ್ರ ಹತ್ರ, ನಂದೊಂದು, ಅವ್ರದ್ದೊಂದು. ನಾನು ಶನಿವಾರ ಊರಲ್ಲೇ ಇರ್ಲಿಲ್ಲ."

ಇದು ಸಾಕ್ಷಿಯಲ್ಲ ಎಂದು ಗೊತ್ತು. ಕಲಿಪಾ ಬೇಕೆಂದೇ ಮಾಡಿರಲಿಕ್ಕಿಲ್ಲ. ಆದರೆ ಕೊಳವೆ ಬಿಸಿಯಿದ್ದದ್ದು ತಿಳಿದೂ ಮಗುವಿನ ಕೈಯನ್ನು ದೂರಿದರೆ?

ಬೇರೆ ತರಗತಿಗಳ ಮೊಳಕೆ ಪಾಯಸಕ್ಕೆ ಸಾಲುತ್ತದೆ. ಕಡಾಯಿಯಲ್ಲಿ ಪಾಯಸ ತಿರುವುವ ಮಕ್ಕಳ ಪಟ್ಟಿಯನ್ನು ನಾಳೆ ಒಂಬತ್ತು ಗಂಟೆಗೆ ಕಲಿಪಾ ಅವರಿಗೆ ಕೊಡಬೇಕು. ಮೊದಲ ಹೆಸರು ಜಿಬೆಕ್.